ಕರಡು ಮಾವ ಓದಿದ ಏಳನೆಯ ಪುಟ

ಅನುದಾನ ಕೊಡುವವರ ಮನಸ್ಸು ಕರಗಿಸುವುದು ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಎರಡು ಸಲ ಅರ್ಜಿ ವಾಪಸಾದ ಮೇಲೆ ಬ್ರೈಲ್ ಗ್ರಂಥಾಲಯದ ಕಾರ್ಯದರ್ಶಿಗೆ ಇದು ಚೆನ್ನಾಗಿ ಗೊತ್ತಾಗಿತ್ತು. ಚುಕ್ಕಿ ಒತ್ತುವ ಯಂತ್ರ ಮುದಿಯಾಗಿ, ಅರ್ಧ ಪುಟಕ್ಕೇ ಕೆಮ್ಮಿ ನಿಲ್ಲುತ್ತಿತ್ತು. ಹೊಸದು ಬರದಿದ್ದರೆ ಓದುಗರಿಗೆ ಹೊಸ ಪುಸ್ತಕವೂ ಇಲ್ಲ. 'ಮನ ಮಿಡಿಯುವಂಥ ಒಬ್ಬರ ಕತೆ ಇಲ್ಲ' ಎಂದು ಹಿಂದಿನ ಅರ್ಜಿಗಳಿಗೆ ಷರಾ ಬಂದಿತ್ತು. ಕತೆ ತಾನೆ ಬೇಕು? ಈ ಸಲ ಉಪ್ಪು ಖಾರ ಹಚ್ಚಿ ಬರೆದಳು.

"ಯಾರಿಗೂ ಬೇಡವಾದ ಜೀವ. ಹಗಲೂ ಕತ್ತಲು, ಇರುಳೂ ಕತ್ತಲು. ಮಾತಾಡಿಸುವವರಿಲ್ಲ. ಮೂವತ್ತು ವರ್ಷದಿಂದ ಕಿಟಕಿ ಪಕ್ಕದ ಮೂರನೆಯ ಕುರ್ಚಿಯೇ ಆ ವೃದ್ಧರ ಪ್ರಪಂಚ."

ಆ ಕುರ್ಚಿಯಲ್ಲಿ ಕೂರುವವರು ಬೇರೆ ಯಾರೂ ಅಲ್ಲ, ಆಕೆಯ ಸ್ವಂತ ಸೋದರಮಾವ. ಕರಡು ತಿದ್ದುವವರಾದ್ದರಿಂದ ಎಲ್ಲರಿಗೂ ಅವರು ಕರಡು ಮಾವ. ಇರುವುದು ಆಕೆಯ ಮನೆಯಲ್ಲೇ. ಬಾಯಿ ತೆರೆದರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗಬೇಕು, ಅಂಥ ಆಸಾಮಿ. ಬ್ರೈಲನ್ನು ಬೆರಳು ಹಿಡಿದು ಆಕೆಗೆ ಕಲಿಸಿದವರೂ ಅವರೇ.

ಗ್ರಂಥಾಲಯದಲ್ಲೊಂದು ಕಟ್ಟಳೆಯಿತ್ತು. ಹೊರಗೆ ಹೋಗುವ ಯಾವ ಕಾಗದವೇ ಆಗಲಿ, ಅದರ ಬ್ರೈಲ್ ಪ್ರತಿ ಕರಡು ಮಾವನ ಬೆರಳಡಿ ಹಾದು, ಅವರು "ಸರಿ ಇದೆ" ಅಂದ ಮೇಲೇ ಹೋಗಬೇಕು. ಗಡಿಬಿಡಿಯಲ್ಲಿ ಕಾರ್ಯದರ್ಶಿಗೆ ಅದು ಮರೆತೇ ಹೋಯಿತು. ಬೇಕೆಂದೇ ಮರೆತಳೋ ಏನೋ, ಆಣೆ ಮಾಡಿ ಹೇಳಲಾರೆ. ಗ್ರಂಥಾಲಯದ ಟೈಪಿಸ್ಟ್ ಮಾತ್ರ ಮರೆಯಲಿಲ್ಲ; ಅರ್ಜಿಯ ಬ್ರೈಲ್ ಪ್ರತಿ ಮಾವನ ಕೈ ಸೇರಿತು.

ಅರ್ಜಿ ಕಳಿಸಲು ಸಂಜೆ ಐದು ಗಂಟೆಯೇ ಕೊನೆ. ನಾಲ್ಕಕ್ಕೆ ಆಕೆ ಕೋಣೆಯಿಂದ ಹೊರಬಂದಾಗ ಮಾವನ ತೊಡೆಯ ಮೇಲೆ ದಪ್ಪ ಹಾಳೆಗಳಿದ್ದವು. ಏಳನೆಯ ಪುಟದ ಮೇಲೆ ಬೆರಳು ನಿಂತುಬಿಟ್ಟಿತ್ತು.

"ಪುಟ್ಟೀ," ಅಂದರು. ನಲವತ್ತಾದರೂ ಅವರಿಗೆ ಆಕೆ ಪುಟ್ಟಿಯೇ. "ಗಟ್ಟಿಯಾಗಿ ಬರ್ದಿದ್ದೀಯ ಕಣೆ. ನಂಗೇ ಕಣ್ಣಲ್ಲಿ ನೀರು ಬಂತು. ಯಾರಪ್ಪಾ ಈ ಪಾಪದ ಪ್ರಾಣಿ, ಒಂದಿನ ಮನೆಗೆ ಊಟಕ್ಕೆ ಕರೀಬೇಕು ಅಂದ್ಕೊಂಡೆ. ಆಮೇಲೆ ಕುರ್ಚಿ ಬಂತು."

ಆಕೆ ಮಾವನ ಕುರ್ಚಿಯ ಪಕ್ಕಕ್ಕೆ ಬಂದಳು.

"ಮಾವ... ಹಾಗೆ ಬರೆದ್ರೇನೇ ಅವ್ರು ಕೊಡೋದು."

"ಇರಬಹುದು. ಕಳಿಸ್ಕೋ. ಸರಿ ಇದೆ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ್ದರೆ ಅರ್ಜಿ ಹೋಗಿಬಿಡುತ್ತಿತ್ತು. ಆಕೆ ಒತ್ತಲಿಲ್ಲ. ಆ ಪುಟವನ್ನು ಹೊಸದಾಗಿ ಬರೆದಳು: ಗಣಿತದ ಪಠ್ಯದಲ್ಲಿ ಕಣ್ಣಿದ್ದ ನಾಲ್ವರು ಬಿಟ್ಟ ತಪ್ಪನ್ನು ಮಾವ ಬೆರಳಲ್ಲಿ ಹಿಡಿದದ್ದು, ದಿನಕ್ಕೆ ನಲವತ್ತು ಪುಟ ತಿದ್ದಬಲ್ಲವರು ಯಂತ್ರದ ದೆಸೆಯಿಂದ ಹತ್ತಕ್ಕೇ ಕೈಕಟ್ಟಿ ಕೂರುವುದು. ಬರೆಯುತ್ತ ಬರೆಯುತ್ತ, ಅಯ್ಯೋ, ಗಟ್ಟಿ ಕತೆ ಇದೇ ಆಗಿತ್ತಲ್ಲ ಎನಿಸಿ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮುಗಿದಾಗ ನಾಲ್ಕೂ ಮುಕ್ಕಾಲು. ಯಂತ್ರ ಎರಡು ಸಾಲು ಒತ್ತಿ ನಿಂತೇಬಿಟ್ಟಿತು.

"ನಾನೇ ಓದಿ ಹೇಳ್ತೀನಿ ಮಾವ, ಟೈಮಿಲ್ಲ."

ದಿನಾ ಬೆಳಿಗ್ಗೆ ಆಕೆಯ ಬಾಯಿಂದಲೇ ಪೇಪರ್ ಕೇಳುವ ಮನುಷ್ಯ. "ಬೇಡ," ಅಂದರು. "ಚುಕ್ಕೀಲೇ ಕೊಡು."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಕೆ ಕೈಯಲ್ಲೇ ಬ್ರೈಲ್ ಚುಚ್ಚುವ ಸ್ಲೇಟು, ದಬ್ಬಳ ಹಿಡಿದು ಕೂತಳು. ಅವರೇ ಕಲಿಸಿದಂತೆ ಹಾಳೆಯ ಬೆನ್ನ ಮೇಲೆ ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕಿ ಚುಚ್ಚಿ, ಹಾಳೆ ಅವರ ಕೈಗಿಟ್ಟಳು. ಮಾವ ಮೊದಲ ಸಾಲಿನಿಂದ ಶುರು ಮಾಡಿದರು. ಎರಡನೆಯ ಸಾಲಿಗೆ ಬೆರಳು ನಿಂತಿತು.

"ಗಂಟೆ ಎಷ್ಟಾಯ್ತು?"

"ಇನ್ನೂ ಟೈಮಿದೆ ಮಾವ. ನಿಧಾನಕ್ಕೆ ಓದಿ."

ಮಾವ ಕೈಗಡಿಯಾರದ ಮುಚ್ಚಳ ತೆರೆದು ಮುಳ್ಳು ಮುಟ್ಟಿದರು. ಐದೂ ಹತ್ತು; ಕಳಿಸುವ ಹೊತ್ತು ಮೀರಿತ್ತು, ಅರ್ಜಿ ಹೋಗಿರಲಿಲ್ಲ.

"ಮತ್ತೆ ನನ್ನ ಮೇಲೆ ಕನಿಕರಾನಾ, ಪುಟ್ಟಿ?" ಅಂದರು.

ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಮಾವ ಮುಚ್ಚಳ ಹಾಕಿ, ಮೂರನೆಯ ಸಾಲಿಗೆ ಬೆರಳಿಟ್ಟರು.