ಮುತ್ತುರಾಜ್ ತುಂಬಿದ ಫಾರಂ

ಕೆ.ಆರ್. ಪುರದ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟು ಮೇಜು ಹಾಕಿಕೊಂಡು ಕೂರುವ ಅರ್ಜಿ ಬರೆಯುವವರಲ್ಲಿ ಮುತ್ತುರಾಜ್‌ನದು ಎಲ್ಲರಿಗಿಂತ ದೊಡ್ಡ ಗಂಟಲು. ಇಪ್ಪತ್ತಾರು ವರ್ಷದಿಂದ ಅಲ್ಲೇ ಕೂತಿದ್ದಾನೆ. ಪಹಣಿ, ಜಾತಿ ಪ್ರಮಾಣಪತ್ರ, ವಿಧವಾ ವೇತನ, ಯಾವುದೇ ಇರಲಿ, ಅವನು ಬರೆದ ಅರ್ಜಿ ವಾಪಸು ಬಂದದ್ದು ಕಡಿಮೆ. ಅವನಿಗೊಂದು ಹಟ: ಒಂದು ಕಾಲಂ ಸಹ ಖಾಲಿ ಬಿಡಬಾರದು. ಖಾಲಿ ಕಂಡರೆ ಒಳಗಿನ ಗುಮಾಸ್ತನಿಗೆ ಅಷ್ಟೇ ಸಾಕು, ಕೆಂಪು ಗೀಟೊಂದು ಎಳೆದು ಬಡವನನ್ನು ಮೂರು ಸಲ ಅಲೆಸುತ್ತಾನೆ. ಈ ಸೌಲಭ್ಯ ಬೇಕೆ, ಆ ಸೌಲಭ್ಯ ಬೇಕೆ ಎಂದು ಕೇಳಿದ್ದರೆ ಎಲ್ಲದಕ್ಕೂ ಹೌದು ಎಂದೇ ಗುರುತು ಹಾಕುವುದು. ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಹೋಗಲಿ, ನೀವು ಕೇಳಲೇ ಇಲ್ಲವಲ್ಲ ಎಂದು ಮಾತ್ರ ಯಾವನೂ ಹೇಳಬಾರದು.

"ಬಿಟ್ರೆ ನೀನು ಎಂಬತ್ತು ವರ್ಷದ ತಾತಂಗೆ ಹೆರಿಗೆ ಭತ್ಯೆಗೂ ಟಿಕ್ ಹಾಕ್ತೀಯ ಗುರು," ಎಂದು ಪಕ್ಕದ ಮೇಜಿನಲ್ಲಿ ಅಫಿಡವಿಟ್ ಟೈಪ್ ಮಾಡುವ ಅಕ್ತರ್ ರೇಗಿಸುತ್ತಿದ್ದ.

"ಕಾಲಂ ಇದ್ರೆ ಹಾಕ್ತೀನಿ ಕಣಯ್ಯ. ನಿಂದೇನು ಗಂಟು ಹೋಗುತ್ತೆ?"

ಮುತ್ತುರಾಜ್‌ಗೆ ಒಬ್ಬಳೇ ಮಗಳು, ಪೂಜಿತಾ. ಹಳೇ ಮದರಾಸು ರಸ್ತೆಯ ಆಚೆಗಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಓದುತ್ತಿದ್ದಳು. ಏಳನೆಯ ಸೆಮಿಸ್ಟರು. ಎಂಟನೆಯದರಲ್ಲಿ ಬೇಕೆಂದವರು ಆರು ತಿಂಗಳು ಯಾವುದಾದರೂ ಕಂಪನಿಗೆ ಹೋಗಿ ಕೆಲಸ ಮಾಡಬಹುದು, ಅದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಬೇಡವೆಂದವರು ಕ್ಲಾಸಿನಲ್ಲೇ ಕೂತು ಎರಡು ವಿಷಯ ಓದಬಹುದು. ಅವರವರ ಇಷ್ಟ ಎಂದು ಸಿಲಬಸ್ಸಿನಲ್ಲಿ ಬರೆದಿತ್ತು. ಇಷ್ಟ ಎಲ್ಲಿಂದ ಬಂತು? ಆ ಮಟ್ಟದ ಕಾಲೇಜಿನ ಮಕ್ಕಳನ್ನು ಕಂಪನಿಗಳು ಒಳಗೆ ಬಿಟ್ಟುಕೊಳ್ಳುವುದೇ ಆ ಆರು ತಿಂಗಳ ಬಾಗಿಲಿನಿಂದ. ಇಂದಿರಾನಗರದ ಒಂದು ಕಂಪನಿ ವರ್ಷಕ್ಕೊಂದು ಸಲ ಬಂದು ಆರು ಜನರನ್ನು ಆರಿಸಿಕೊಂಡು ಹೋಗುತ್ತಿತ್ತು. ಹಿಂದಿನ ವರ್ಷ ಹೋದ ಆರೂ ಮಂದಿಯನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಇಂಟರ್ನ್‌ಶಿಪ್ಪಿಗೆ ಹೋಗದವರನ್ನು ಯಾರೂ ಏನೂ ಕೇಳಲಿಲ್ಲ.

ಪೂಜಿತಾ ಎರಡು ವರ್ಷದಿಂದ ಆ ಆರರಲ್ಲಿ ಒಬ್ಬಳಾಗಬೇಕೆಂದೇ ಓದಿದ್ದಳು. ಚಾರ್ಜರಿನ ವೈರನ್ನು ಒಂದು ಕೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಏಳುವ ಹಳೆಯ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ನಾಲ್ಕು ಲೆಕ್ಕ ಬಿಡಿಸಿ ಪ್ರೋಗ್ರಾಂ ಬರೆಯುತ್ತಿದ್ದಳು. ಒಂದು ಭಾನುವಾರ ಇಂದಿರಾನಗರಕ್ಕೆ ಹೋಗಿ ರಸ್ತೆಯ ಈಚೆ ಬದಿ ನಿಂತು ಆ ಕಟ್ಟಡವನ್ನು ನೋಡಿಕೊಂಡೂ ಬಂದಿದ್ದಳು. "ಅಮ್ಮ, ಕೆಳಗಡೆ ಎಲ್ಲಾ ಬರೀ ಗಿಡ ಇಟ್ಟಿದಾರೆ. ನರ್ಸರಿ ಅನ್ಕೋಬೇಕು," ಎಂದಾಗ ತಾಯಿ ಹಂಸ, "ಗಿಡಕ್ಕೆ ನೀರು ಹಾಕೋಕಾದ್ರೂ ಕರೀಲಿ ನಿನ್ನ," ಎಂದು ನಕ್ಕಿದ್ದಳು.

ಸೆಪ್ಟೆಂಬರಿನಲ್ಲಿ ಕಾಲೇಜಿನವರು ಒಂದು ಫಾರಂ ಕೊಟ್ಟರು. ಮೂರು ಪ್ರಶ್ನೆ, ಪ್ರತಿಯೊಂದರ ಮುಂದೆ ಒಂದು ಚೌಕ. ಇಂಟರ್ನ್‌ಶಿಪ್ ಬೇಕೆ? ಕ್ಯಾಂಪಸ್ಸಿನ ಮೂಲಕ ಕೆಲಸ ಬೇಕೆ? ಉನ್ನತ ವ್ಯಾಸಂಗದಲ್ಲಿ ಆಸಕ್ತಿ ಇದೆಯೆ? ಕೆಳಗೆ ಪೋಷಕರ ಸಹಿ. ಪೂಜಿತಾ ಮೊದಲ ಎರಡಕ್ಕೆ ಗುರುತು ಹಾಕಿ, ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಅಪ್ಪನ ಮುಂದೆ ಇಟ್ಟಳು.

ಮುತ್ತುರಾಜ್ ಕೈ ತೊಳೆದು, ಕನ್ನಡಕ ಹಾಕಿಕೊಂಡು, ಅದನ್ನು ಮೇಲಿನಿಂದ ಕೆಳಕ್ಕೆ ಓದಿದ.

"ಇದ್ಯಾಕೆ ಖಾಲಿ?"

"ಅದು ಎಂಟೆಕ್ ಗಿಂಟೆಕ್ ಮಾಡೋರಿಗೆ ಅಪ್ಪ. ನಂಗೆ ಬೇಡ."

"ಬೇಡ ಅಂತ ಈಗ ಬಿಟ್ರೆ ನಾಳೆ ಬೇಕಾದಾಗ ಕೊಡ್ತಾರಾ? ಆಸಕ್ತಿ ಇದೆಯಾ ಅಂತ ತಾನೆ ಕೇಳಿರೋದು? ಓದೋ ಮಗು ಆಸಕ್ತಿ ಇಲ್ಲ ಅಂತ ಬರ್ಕೊಡುತ್ತಾ?"

"ಅಪ್ಪ, ಎರಡೇ ಸಾಕು."

"ಫಾರಂ ತುಂಬೋದನ್ನ ನನಗೆ ಹೇಳ್ಕೊಡ್ಬೇಡ ಕಣೇ. ನೀನು ಹುಟ್ಟೋಕೆ ಮುಂಚೆಯಿಂದ ತುಂಬ್ತಿದೀನಿ."

ಅವನೊಡನೆ ವಾದಕ್ಕಿಳಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅವನು ಮೂರನೆಯ ಚೌಕಕ್ಕೂ ಗುರುತು ಹಾಕಿ, ಪಕ್ಕದಲ್ಲಿ ದುಂಡಗೆ 'ಹೌದು, ಬಹಳ ಆಸಕ್ತಿ ಇದೆ' ಎಂದು ಬರೆದು, ಸಹಿ ಹಾಕಿಕೊಟ್ಟ. ಪೂಜಿತಾ ತೆಗೆದುಕೊಂಡು ಹೋಗಿ ಹಾಗೆಯೇ ಕೊಟ್ಟಳು.

ಹದಿನೈದು ದಿನಕ್ಕೆ, ಮಧ್ಯಾಹ್ನದ ಹೊತ್ತು, ಅವಳು ಸೀದಾ ತಾಲ್ಲೂಕು ಕಚೇರಿಗೇ ಬಂದಳು. ಮೇಜಿನ ಮುಂದೆ ಪಿಂಚಣಿಗೆ ಬಂದ ನಾಲ್ಕು ಜನ ನಿಂತಿದ್ದರು. ಅವರ ಹಿಂದೆ ಸರದಿಯಲ್ಲಿ ನಿಂತವಳಂತೆ ನಿಂತಳು.

"ಏನಮ್ಮ, ಕ್ಲಾಸಿಲ್ವಾ?" ಎಂದು ಅಕ್ತರ್‌ನೇ ಮೊದಲು ಕೇಳಿದ.

"ಅಪ್ಪ, ಲಿಸ್ಟಲ್ಲಿ ನನ್ನ ಹೆಸರಿಲ್ಲ."

"ಯಾವ ಲಿಸ್ಟು?"

"ಇಂದಿರಾನಗರದ್ದು, ಇಂಟರ್ವ್ಯೂಗೆ ಕೂರೋರ್ದು. ಯಾವ ಕಂಪನೀದೂ ಇಲ್ಲ. ಉನ್ನತ ವ್ಯಾಸಂಗ ಅಂತ ಬೇರೆ ಲಿಸ್ಟ್ ಹಾಕಿದಾರೆ. ಅದ್ರಲ್ಲಿದೆ."

ಮುತ್ತುರಾಜ್ ಪೆನ್ನಿನ ಕ್ಯಾಪು ಹಾಕಿದ. ಮುಂದೆ ನಿಂತಿದ್ದ ಮುದುಕನಿಗೆ, "ನಾಳೆ ಬನ್ನಿ ಸ್ವಾಮಿ," ಎಂದ. ಹಾಗೆ ಅವನು ಯಾರಿಗೂ ಹೇಳಿದವನಲ್ಲ.

ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ಸಣ್ಣ ವಯಸ್ಸಿನವನು, ಮಾತು ಮೆತ್ತಗೆ. ಕುರ್ಚಿ ತೋರಿಸಿ, ನೀರು ತರಿಸಿ, ಫೈಲಿನಿಂದ ಫಾರಂ ತೆಗೆದು ಮುಂದಿಟ್ಟ.

"ಸರ್, ಇದು ನಿಮ್ಮ ಅಕ್ಷರ ಅಲ್ವಾ? ತುಂಬ ಚೆನ್ನಾಗಿದೆ ಸರ್. ಬಹಳ ಆಸಕ್ತಿ ಇದೆ ಅಂತ ನೀವೇ ಬರ್ದಿದೀರ."

"ಮೇಲಿನ ಎರಡಕ್ಕೂ ಹೌದು ಅಂತಾನೇ ಇದ್ಯಲ್ರೀ?"

"ಮೂರನೇದಕ್ಕೆ ಹಾಕಿದ್ರೆ ಮೇಲಿನದು ಬಿದ್ದೋಗುತ್ತೆ ಸರ್. ಮುಂದಕ್ಕೆ ಓದೋರನ್ನ ಕಂಪನಿ ಮುಂದೆ ಕೂರ್ಸಲ್ಲ ನಾವು."

"ಅದು ಎಲ್ರೀ ಬರ್ದಿದೆ ಇಲ್ಲಿ?"

"ಬರ್ದಿಲ್ಲ ಸರ್. ಪದ್ಧತಿ."

ಅವನ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡ ಪಟ ಇತ್ತು: ನಮ್ಮಲ್ಲಿ ಕೆಲಸ ಬಯಸಿದ ನೂರಕ್ಕೆ ನೂರು ಮಂದಿಗೆ ಕೆಲಸ. ಮುತ್ತುರಾಜ್ ಅದನ್ನು ಎರಡು ಸಲ ಓದಿದ. ಕಾಗದ ಓದಿಯೇ ಬದುಕಿದವನಿಗೆ 'ಬಯಸಿದ' ಎಂಬುದು ಅಲ್ಲಿ ಯಾಕೆ ಕೂತಿದೆ ಎಂದು ತಿಳಿಯಲು ತಡವಾಗಲಿಲ್ಲ. ಮೂರನೆಯ ಚೌಕ ಇಟ್ಟದ್ದೇ ಅದಕ್ಕೆ. ಅದರಲ್ಲಿ ಎಷ್ಟು ಮಂದಿ ಬಿದ್ದರೆ ಅಷ್ಟು ಮಂದಿ ಲೆಕ್ಕದಿಂದ ಹೊರಗೆ.

"ಎಷ್ಟು ಮಕ್ಕಳನ್ನ ಹೀಗೆ ಗುಂಡಿಗೆ ಬೀಳ್ಸಿದೀರಿ?" ಅವನ ದನಿ ಕಾರಿಡಾರಿಗೆಲ್ಲ ಕೇಳಿಸಿತು. "ಓದೋ ಆಸೆ ಇದೆಯಾ ಅಂತ ಕೇಳಿ, ಇದೆ ಅಂದೋರ ಕುತ್ತಿಗೆ ಹಿಡಿದು ಆಚೆ ನೂಕ್ತೀರಾ? ಮನುಷ್ಯರೇನ್ರೀ ನೀವು?"

"ಅಪ್ಪ, ಸುಮ್ನಿರು," ಎಂದಳು ಪೂಜಿತಾ.

"ನಾವು ನೂಕಿಲ್ಲ ಸರ್. ಸಹಿ ನಿಮ್ದೇ," ಎಂದ ಅಧಿಕಾರಿ, ಅದೇ ಮೆತ್ತನೆಯ ದನಿಯಲ್ಲಿ. "ಲಿಸ್ಟ್ ಕಂಪನಿಗೆ ಹೋಗಿದೆ. ಬೇಕಾದ್ರೆ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಿ."

ಅರ್ಜಿ! ಮುತ್ತುರಾಜ್ ಮೊಗಸಾಲೆಯ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆದ. ಮಗಳ ಅಂಕಗಳನ್ನು ಸೆಮಿಸ್ಟರುವಾರು ಬರೆದ. ಗುರುತು ಹಾಕಿದ್ದು ತಾನು, ಅವಳು ಬೇಡ ಎಂದಳು, ತಪ್ಪು ಪೂರ್ತಿ ತನ್ನದು ಎಂದು ಬರೆದ. ಇಪ್ಪತ್ತಾರು ವರ್ಷದಲ್ಲಿ 'ತಪ್ಪು ನನ್ನದು' ಎಂದು ಅವನು ಯಾರ ಅರ್ಜಿಯಲ್ಲೂ ಬರೆದಿರಲಿಲ್ಲ, ಹಾಗೆ ಬರೆದರೆ ಕೇಸು ಸತ್ತ ಹಾಗೆ ಎಂದು ಜನಕ್ಕೆ ಬುದ್ಧಿ ಹೇಳುತ್ತಿದ್ದವನೇ ಅವನು. ಆದರೂ ಬರೆದ.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಕೂತ ಗುಮಾಸ್ತೆ ತೆಗೆದುಕೊಂಡಳು, ಸೀಲು ಒತ್ತಿ ನಕಲು ಕೊಟ್ಟಳು. ಆಮೇಲೆ ಅರ್ಜಿಯನ್ನು ಓದದೆ, ಮೇಜಿನ ಮೇಲಿನ ಟ್ರೇಗೂ ಹಾಕದೆ, ಬಗ್ಗಿ ಕೆಳಗಿನ ಡ್ರಾಯರಿನಲ್ಲಿ ಇಟ್ಟಳು. ಕೆಳಗಿನ ಡ್ರಾಯರು ಏನೆಂದು ಮುತ್ತುರಾಜ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಆಗುತ್ತಾ ಅಪ್ಪ?"

"ಸೀಲು ಬಿದ್ದಿದೆಯಲ್ಲ, ಆಗುತ್ತೆ."

ಆ ಮಾತನ್ನು ಅವನು ತಾಲ್ಲೂಕು ಕಚೇರಿಯ ಮುಂದೆ ಎಷ್ಟು ಸಾವಿರ ಜನಕ್ಕೆ ಹೇಳಿದ್ದನೋ! ಪೂಜಿತಾ ಅವನ ಮುಖವನ್ನೇ ನೋಡಿದಳು.

ಅವನು ಮೂರು ಸಲ ಹೋದ. ಮೊದಲ ಸಲ ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದರು, ಎರಡನೆಯ ಸಲ ಊರಲ್ಲಿರಲಿಲ್ಲ. ಮೂರನೆಯ ಸಲ ಗೇಟಿನ ಸೆಕ್ಯುರಿಟಿಯವನೇ, "ಕೂಗಾಡ್ತೀರಂತೆ ನೀವು, ಒಳಗೆ ಬಿಡ್ಬೇಡ ಅಂದಿದಾರೆ," ಎಂದ. ಮನೆಯಲ್ಲಿ ಹಂಸ ಎಂದಿನಂತೆ ಊಟ ಬಡಿಸುತ್ತಿದ್ದಳು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಪೂಜಿತಾ ಆ ನಾಲ್ಕು ಲೆಕ್ಕ ಬಿಡಿಸುವುದನ್ನು ನಿಲ್ಲಿಸಿದ್ದಳು. ಎಂಟೆಕ್ ಓದಿಸುವ ಶಕ್ತಿ ಆ ಮನೆಗಿರಲಿಲ್ಲ, ಅವಳಿಗೆ ಮನಸ್ಸೂ ಇರಲಿಲ್ಲ.

ಇಂದಿರಾನಗರದ ಕಂಪನಿಯವರು ಬರುವ ದಿನ ಬೆಳಿಗ್ಗೆ ಮಗಳು ಹೊಸ ಚೂಡಿದಾರ್ ಹಾಕಿಕೊಂಡು ಹೊರಟಳು. ಕೊನೆಗಳಿಗೆಯಲ್ಲಿ ಏನಾದರೂ ಆಯಿತೇ ಎಂದು ಮುತ್ತುರಾಜ್‌ಗೆ ಆಸೆ ಹುಟ್ಟಿತು. ಕೇಳುವ ಧೈರ್ಯ ಬರಲಿಲ್ಲ. ಒಂದು ಗಂಟೆ ಬಿಟ್ಟು ಅವನೂ ಹೋಗಿ ಕಾಲೇಜಿನ ಗೇಟಿನ ಹೊರಗೆ, ಎಳನೀರಿನ ಗಾಡಿಯ ಮರೆಯಲ್ಲಿ ನಿಂತ.

ಬಿಳಿ ಕಾರೊಂದು ಬಂದು ಗೇಟಿನ ಬಳಿಯೇ ನಿಂತಿತು. ಕಂಪನಿಯ ಹೆಂಗಸೊಬ್ಬಳು ಇಳಿದಳು. ಅವಳನ್ನು ಎದುರುಗೊಳ್ಳಲು ಒಳಗಿನಿಂದ ಬಂದವಳು ಪೂಜಿತಾ. ಕುತ್ತಿಗೆಯಲ್ಲಿ 'ಸ್ವಯಂಸೇವಕಿ' ಎಂಬ ಬ್ಯಾಡ್ಜು. ಉನ್ನತ ವ್ಯಾಸಂಗದ ಪಟ್ಟಿಯವರಿಗೆ ಆ ದಿನ ಹೇಗೂ ಬೇರೆ ಕೆಲಸವಿಲ್ಲ ಎಂದು ಬಂದವರಿಗೆ ದಾರಿ ತೋರಿಸಲು, ಕುರ್ಚಿ ಜೋಡಿಸಲು ಅವರನ್ನೇ ಹಾಕಿದ್ದರು.

ಹೆಂಗಸು ನಡೆಯುತ್ತಲೇ ಏನೋ ಕೇಳಿದಳು. ಪೂಜಿತಾ ಹೇಳಿದಳು. ಹೆಂಗಸು ನಿಂತಳು, ಮತ್ತೊಂದು ಕೇಳಿದಳು. ಕಂಪ್ಯೂಟರಿನ ಮಾತು, ಮುತ್ತುರಾಜ್‌ಗೆ ಒಂದೂ ತಿಳಿಯಲಿಲ್ಲ. ಮಗಳು ಕೈಯಾಡಿಸಿ, ಗಾಳಿಯಲ್ಲಿ ಗೆರೆ ಎಳೆದು ಹೇಳುತ್ತಿದ್ದುದು ಮಾತ್ರ ಕಂಡಿತು.

"ವೆರಿ ಗುಡ್," ಎಂದಳು ಹೆಂಗಸು. "ಫೈನಲ್ ಇಯರ್ ತಾನೆ? ಇವತ್ತು ನೀವ್ಯಾಕೆ ಕೂತ್ಕೋತಿಲ್ಲ?"

ಅಷ್ಟರಲ್ಲಿ ಪ್ಲೇಸ್‌ಮೆಂಟ್ ಅಧಿಕಾರಿ ನಗುತ್ತ ಮೆಟ್ಟಿಲಿಳಿದು ಬಂದು ಪಕ್ಕದಲ್ಲಿ ನಿಂತಿದ್ದ. ಪೂಜಿತಾ ಅವನತ್ತ ನೋಡಿದಳು. ಇನ್ನೂ ಒಂದು ಸೆಮಿಸ್ಟರಿನ ಅಂಕಗಳು ಕಾಲೇಜಿನವರ ಕೈಯಲ್ಲೇ ಇದ್ದವು.

"ನಂಗೆ ಮುಂದಕ್ಕೆ ಓದೋ ಆಸೆ ಮ್ಯಾಮ್," ಎಂದಳು.

"ಓ, ಸೂಪರ್. ಆಲ್ ದಿ ಬೆಸ್ಟ್," ಎಂದು ಹೆಂಗಸು ಮುಂದೆ ನಡೆದಳು. ಪೂಜಿತಾ ಅವಳ ಕೈಯ ಬ್ಯಾಗನ್ನು ಇಸಿದುಕೊಂಡು ಹಿಂದೆ ಹೋದಳು.

"ಎಳನೀರು ಕೊಡ್ಲಾ ಯಜಮಾನ್ರೇ?" ಎಂದು ಗಾಡಿಯವನು ಕೇಳಿದ. "ಆಗ್ಲಿಂದ ನಿಂತಿದೀರ."

ಮುತ್ತುರಾಜ್ ಬೇಡ ಎಂದು ತಲೆಯಾಡಿಸಿದ. ಸಭಾಂಗಣದ ಬಾಗಿಲು ಹಾಕಿಕೊಂಡಿತು. ಬಿಸಿಲು ಗಾಡಿಯ ನೆರಳನ್ನು ದಾಟಿ ಅವನ ಮೈಮೇಲೆ ಬಂದರೂ ಅವನು ಅಲ್ಲೇ ನಿಂತಿದ್ದ.