ಅಕ್ಕನ ಉತ್ತರ, ತಂಗಿಯ ಅಕ್ಷರ

"ಅವಳು ಬಾಯಲ್ಲಿ ಹೇಳಿ ಪಾಸಾಗೋದಾದ್ರೆ ನಾವ್ಯಾಕೆ ಕೈ ನೋಯಿಸ್ಕೊಂಡು ಬರೀಬೇಕು ಟೀಚರ್?"

ಎದ್ದು ನಿಂತು ಕೇಳಿದವಳು ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಂಗಿ. ಅಕ್ಕ ಹಿಂದಿನ ವರ್ಷ ನಪಾಸಾಗಿ ಅದೇ ತರಗತಿಯಲ್ಲಿ ಉಳಿದಿದ್ದಳು. ತಂಗಿ ಮೇಲೇರಿ ಬಂದು ಪಕ್ಕದಲ್ಲೇ ಕೂತಿದ್ದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಬೆಂಚಿನ ಮೇಲಿನ ಶಾಯಿ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದಳು.

ಆ ಬೆಂಚುಗಳೂ ಶಾಯಿಯ ಆ ವಾಸನೆಯೂ ಈಗಿಲ್ಲ. ಆಗಿನ ಸರ್ಕಾರಿ ಶಾಲೆಯಲ್ಲಿ ಎಲ್ಲರಿಗೂ ಒಂದೇ ಅಳತೆ. ಅಕ್ಕನಿಗೆ ಪಾಠ ಒಮ್ಮೆ ಕಿವಿಗೆ ಬಿದ್ದರೆ ಸಾಕು. ಸಂಜೆ ಪಾತ್ರೆ ತೊಳೆಯುತ್ತ ಟೀಚರ ದನಿಯಲ್ಲೇ ಒಪ್ಪಿಸಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದಳು. ಪೆನ್ನು ಹಿಡಿದಳೋ, ಅಕ್ಷರಗಳೆಲ್ಲ ಕಂಗಾಲು. ಈ ಸಲವೂ ನಪಾಸಾದರೆ ಶಾಲೆ ಬಿಡಿಸಿ ಚಿಕ್ಕಪ್ಪನ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಲ್ಲಿಸುವುದಾಗಿ ಅಪ್ಪ ಹೇಳಿಯಾಗಿತ್ತು.

ವಿಜ್ಞಾನದ ಟೀಚರು ಹೆಡ್‌ಮಾಸ್ಟರ ಹತ್ತಿರ ವಾದಿಸಿ ಅರ್ಧ ಗೆದ್ದು ಬಂದಿದ್ದರು. ಹುಡುಗಿ ಬಾಯಲ್ಲಿ ಹೇಳಲಿ, ಆದರೆ ಉಳಿದವರಂತೆ ಅವಳದೂ ಉತ್ತರಪತ್ರಿಕೆ ಇರಬೇಕು, ಬೇರೆ ಯಾರಾದರೂ ಬರೆದುಕೊಡಲಿ ಎಂದಿದ್ದರು ಹೆಡ್‌ಮಾಸ್ಟರು. ಯಾರು ಬರೆಯಬೇಕೆಂದು ಟೀಚರಿಗೆ ಚಿಂತೆ ಹತ್ತಿತ್ತು. ತಂಗಿಯ ಮಾತು ಕೇಳಿ ಅವರ ಮುಖ ಅರಳಿತು.

"ನೀನೇ ಬರಿಯಮ್ಮ. ತಕರಾರು ತೆಗೆದವಳು ಒಂದಕ್ಷರಾನೂ ಜಾಸ್ತಿ ಹಾಕಲ್ಲ. ಅವಳು ಹೇಳಿದ್ದಷ್ಟೇ ಬರಿ."

ಪರೀಕ್ಷೆಯ ದಿನ, ತಂಗಿ ತನ್ನದನ್ನು ಬರೆದು ಮುಗಿಸಿದ ಮೇಲೆ, ನಕ್ಷೆಗಳ ಕೋಣೆಯಲ್ಲಿ ಮೂವರೇ. ಅಕ್ಕ ಕಿಟಕಿಯ ಬಳಿ ನಿಂತು ಆವಿ, ಮೋಡ, ಬೇರು, ಎಲೆ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತ ಹೋದಳು. ಮನೆಯಲ್ಲಿ ನಗೆ ತರಿಸುತ್ತಿದ್ದ ಮಾತೇ ಹಾಳೆಯ ಮೇಲೆ ಇಳಿದಾಗ, ತಂಗಿಗೆ ನಗು ಬರಲಿಲ್ಲ.

"ರಕ್ತದ ಕಶ್ಮಲ ಸೋಸೋದು ಹೃದಯ," ಎಂದಳು ಅಕ್ಕ.

ಪೆನ್ನು ನಿಂತಿತು. ಮೂತ್ರಪಿಂಡ ಎಂದು ತಂಗಿಗೆ ಗೊತ್ತಿತ್ತು. ಲಾಂಡ್ರಿಯೂ ಕಣ್ಣ ಮುಂದೆ ಬಂತು; ಬಿಸಿ ಇಸ್ತ್ರಿಪೆಟ್ಟಿಗೆ, ಹಬೆಯಲ್ಲಿ ನಿಂತ ಅಕ್ಕ. ಟೀಚರು, ಬೇಕೆಂದೇ ಏನೋ, ಗೋಡೆಯ ನಕ್ಷೆ ನೋಡುತ್ತಿದ್ದರು.

"ಹೃದಯಾನಾ?"

"ಹೃದಯಾನೇ. ಬರಿಯೇ, ಯಾಕೆ ನಿಲ್ಲಿಸ್ದೆ?"

ತಂಗಿ ತುಟಿ ಕಚ್ಚಿಕೊಂಡು ಬರೆದಳು.

ಅಕ್ಕ ಅಂಚಿನಲ್ಲಿ ಪಾಸಾದಳು. ಉತ್ತರಪತ್ರಿಕೆ ಕೈಗೆ ಬಂದ ಸಂಜೆ, ಕೆಂಪು ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟಳು.

"ಇದು ತಪ್ಪು ಅಂತ ನಿಂಗೆ ಗೊತ್ತಿತ್ತಾ?"

ತಂಗಿ ಹೌದೆಂದು ತಲೆಯಾಡಿಸಿದಳು.

ಅಕ್ಕ ಆ ಸಾಲಿನುದ್ದಕ್ಕೂ ಬೆರಳಾಡಿಸಿದಳು. ಆಮೇಲೆ, "ನಿನ್ನ ಅಕ್ಷರದಲ್ಲಿ ನನ್ನ ತಪ್ಪೂ ಇಷ್ಟು ಚೆಂದ ಕಾಣುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ," ಎಂದಳು.

ಮಕ್ಕಳೆಲ್ಲ ಹೋಗಿ ಶಾಲೆ ಬರಿದಾಗಿತ್ತು. ಅಕ್ಕ ಮೊದಲ ಪುಟಕ್ಕೆ ತಿರುಗಿ, ತುಟಿ ಅಲುಗಿಸುತ್ತ ಒಂದೊಂದೇ ಪದವನ್ನು ಓದತೊಡಗಿದಳು. ತಂಗಿ ಇಬ್ಬರ ಚೀಲವನ್ನೂ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ಕಾಯುತ್ತ ನಿಂತಳು.