ಏನಿಲ್ಲ ಸಾರ್

ನನ್ನ ಗಂಡನ ಶ್ವಾಸಕೋಶದ ಕ್ಯಾನ್ಸರಿಗೂ ಸೈನ್ಯಕ್ಕೂ ಸಂಬಂಧವಿಲ್ಲ ಎಂದು ಪಿಂಚಣಿ ಕಚೇರಿ ತೀರ್ಮಾನಿಸಿದ್ದು ಅವರದೇ ಒಂದು ಮಾತಿನಿಂದ. ಶಿಬಿರದ ಕಸವನ್ನೆಲ್ಲ, ಟೈರು, ಪ್ಲಾಸ್ಟಿಕ್ಕು, ಆಸ್ಪತ್ರೆಯ ಬ್ಯಾಂಡೇಜು ಸಮೇತ, ಗುಂಡಿಗೆ ಹಾಕಿ ಡೀಸೆಲ್ ಸುರಿದು ಸುಡುವುದು ಅವರ ಕೆಲಸವಾಗಿತ್ತು. ಸೈನ್ಯ ಬಿಡುವ ದಿನ ಅಲ್ಲಿಯ ಡಾಕ್ಟರು ಕೆಮ್ಮು, ಉಬ್ಬಸ ಏನಾದರೂ ಇದೆಯಾ ಎಂದು ಕೇಳಿದರಂತೆ. ಇದೆ ಎಂದವರನ್ನು ಪರೀಕ್ಷೆಗೆಂದು ಅಲ್ಲೇ ಉಳಿಸಿಕೊಳ್ಳುತ್ತಿದ್ದರು. ಊರಿಗೆ ಹೋಗುವ ಬಸ್ಸು ಹೊರಗೆ ನಿಂತಿತ್ತು. ಸಾಲಿನಲ್ಲಿದ್ದ ಎಲ್ಲರಂತೆ ಇವರೂ "ಏನಿಲ್ಲ ಸಾರ್" ಎಂದರು, ಡಾಕ್ಟರು ಹಾಗೇ ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ ಮೇಲ್ಮನವಿ. ಇದರಲ್ಲೂ ಸೋತರೆ ಚಿಕಿತ್ಸೆ ನಿಂತಂತೆಯೇ, ಅದರ ಖರ್ಚು ನಮ್ಮ ಕೈಯಲ್ಲಾಗುವಂಥದ್ದಲ್ಲ. "ಪೇಪರ್ ಎಲ್ಲ ನಾನು ನೋಡ್ಕೋತೀನಿ. ವಿಚಾರಣೆ ಮಾಡೋರ ಮುಂದೆ ಇವರು ಇರೋ ಹಾಗೇ ಇದ್ರೆ ಸಾಕು" ಎಂದಿದ್ದಳು ನಮ್ಮ ವಕೀಲೆ. ಇರುವ ಹಾಗೆ ಎಂದರೆ, ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ, ರಾತ್ರಿಯಿಡೀ ಕೆಮ್ಮುವ ಮನುಷ್ಯ. ವಿಚಾರಣೆಯ ದಿನ ಬೆಳಗಿನಿಂದ ಅದನ್ನೇ ಅವರ ತಲೆಗೆ ತುಂಬುತ್ತಿದ್ದೆ.

"ಹೇಗಿದ್ದೀರಿ ಅಂತ ಕೇಳಿದ್ರೆ ಏನಂತೀರಿ?"

"ಹುಷಾರಿಲ್ಲ ಅಂತೀನಿ. ಎಷ್ಟು ಸಲ ಹೇಳಿಸ್ತೀಯೇ, ನಾನೇನು ಗಿಣಿನಾ?"

"ಗಿಣಿಯಾಗಿದ್ರೆ ಇಷ್ಟೊತ್ತಿಗೆ ಕಲಿತಿರ್ತಿತ್ತು."

ಅವರು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ವಿಚಾರಣೆಯ ಕೋಣೆಗೆ ಕಿಟಕಿಯಿರಲಿಲ್ಲ. ಮೇಜಿನಾಚೆ ಮೂವರು. ನಡುವಿನವರು ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು ಎನ್ನುವುದು ಕೂತ ಠೀವಿಯಲ್ಲೇ ತಿಳಿಯುತ್ತಿತ್ತು. ಇವರಿಗೂ ತಿಳಿಯಿತು. ಕುರ್ಚಿಯಿಂದ ಎದ್ದೇಬಿಟ್ಟರು. ಬೆನ್ನು ನೆಟ್ಟಗಾಯಿತು, ಕೈಗಳು ತೊಡೆಗೆ ಅಂಟಿಕೊಂಡವು.

"ಕೂತ್ಕೊಳ್ಳಿ. ಈಗ ಹೇಗಿದ್ದೀರಿ?"

"ಚೆನ್ನಾಗಿದ್ದೀನಿ ಸಾರ್."

"ಉಸಿರಾಟಕ್ಕೆ ತೊಂದರೆ?"

"ಏನಿಲ್ಲ ಸಾರ್."

ಟೈಪಿಸ್ಟು ಟಕಟಕ ಹೊಡೆದುಕೊಂಡಳು. ಇವರು ಮುಚ್ಚಿಡುತ್ತಿದ್ದಾರೆ ಎಂದು ವಕೀಲೆ ಹೇಳಿದರೆ, "ಅವರೇ ಹೇಳ್ತಿದ್ದಾರಲ್ಲಮ್ಮ" ಎಂದರು ಅಧಿಕಾರಿ. ನಾನು ಬಾಯಿ ತೆರೆದೆ. ಕೇಳಿದಾಗ ಹೇಳಿ ಎಂದರು, ಕೇಳಲೇ ಇಲ್ಲ. ಇವರ ಕುತ್ತಿಗೆಯ ನರ ಉಬ್ಬಿತ್ತು, ಮುಖ ಕಪ್ಪಿಟ್ಟಿತ್ತು. ಕೆಮ್ಮಿ ರೀ, ಕೆಮ್ಮಿಬಿಡಿ ಎಂದು ಮನಸ್ಸಿನಲ್ಲೇ ಬೇಡುತ್ತ ಮೇಜಿನ ಕೆಳಗೆ ಅವರ ಕಾಲು ತುಳಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದೂ ಅಲ್ಲ, ಇಂಥ ಸಾಹೇಬರುಗಳೇ ಕಲಿಸಿ ಕಳಿಸಿದ್ದು. ನನಗೆ ಅವರೆಲ್ಲರ ಮೇಲೂ, ನನ್ನ ಗಂಡನ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ ಕೆಮ್ಮು ಬಂತು. ಬೆಂಚು ಹಿಡಿದು ಬಗ್ಗಿ ಕೆಮ್ಮಿದರು, ಟವೆಲ್ಲು ಕೆಂಪಾಯಿತು. ಅದನ್ನೇ ಕೈಯಲ್ಲಿ ಹಿಡಿದು ಬಾಗಿಲು ಬಡಿದೆ. ಜವಾನ ಇಣುಕಿ, ಮುಂದಿನ ಕೇಸು ಶುರುವಾಗಿದೆ ಎಂದು ಹೇಳಿ ಒಳಗಿನಿಂದ ಚಿಲಕ ಹಾಕಿಕೊಂಡ.

ಉಸಿರು ಹತೋಟಿಗೆ ಬಂದ ಮೇಲೆ ಅವರು ತಲೆಯೆತ್ತಿದರು. ಮುಖ ಅರಳಿತ್ತು.

"ಸಾಹೇಬರ ಮುಂದೆ ಒಂದ್ಸಲಾನೂ ಕೆಮ್ಮಲಿಲ್ಲ, ನೋಡಿದ್ಯಾ?"

ಬೈಯಲು ಬಾಯಿ ತುಂಬ ಮಾತಿತ್ತು. ಟವೆಲ್ಲು ಮಡಿಸಿ ಚೀಲಕ್ಕೆ ಹಾಕಿದೆ.

"ಯಾಕೇ ಸುಮ್ಮನಾದೆ? ಏನಾಯ್ತು?"

"ಏನಿಲ್ಲ ರೀ" ಎಂದೆ.